ಪುರಸಭೆ ಬಜೆಟ್: ಊರಿನವರು ಓದಬೇಕಾದ ಲೆಕ್ಕ

ಪುರಸಭೆಯ ಬಜೆಟ್ ಎಂದರೆ ಏಪ್ರಿಲ್ 1ರಿಂದ ಮುಂದಿನ ಮಾರ್ಚ್ 31ರವರೆಗೆ ಊರಿಗೆ ಎಲ್ಲಿಂದ ಎಷ್ಟು ಹಣ ಬರುತ್ತದೆ, ಅದು ಯಾವುದಕ್ಕೆ ಎಷ್ಟು ಖರ್ಚಾಗುತ್ತದೆ ಎಂಬುದರ ಅಂದಾಜು. ಕುಡಿಯುವ ನೀರು, ಬೀದಿ ದೀಪ, ಚರಂಡಿ, ಕಸ, ವಾರ್ಡಿನ ರಸ್ತೆ, ಉದ್ಯಾನ, ಸ್ಮಶಾನ ಎಲ್ಲದರ ಹಣೆಬರಹವೂ ಆ ಕಿರುಪುಸ್ತಕದಲ್ಲಿರುತ್ತದೆ. ರಾಜ್ಯ ಬಜೆಟ್ ದಿನ ಟೀವಿ ಮುಂದೆ ಕೂರುವ ಜನರಿಗೆ ತಮ್ಮೂರಿನ ಬಜೆಟ್ ಮಂಡನೆಯಾದದ್ದು ಮಾರನೆಯ ದಿನ ಪತ್ರಿಕೆಯ ಜಿಲ್ಲಾ ಪುಟದಿಂದ ತಿಳಿಯುತ್ತದೆ. ಅಲ್ಲಿ ಸಿಗುವುದೂ ಸಾಮಾನ್ಯವಾಗಿ ಒಂದೇ ಸುದ್ದಿ: ಇಷ್ಟು ಲಕ್ಷ ರೂಪಾಯಿಯ ಉಳಿತಾಯ ಬಜೆಟ್. ಊರಿನ ಹಣಕಾಸು ನಿಜಕ್ಕೂ ಹೇಗಿದೆ ಎಂಬುದು ಆ ಒಂದು ಸಾಲಿನಿಂದ ಗೊತ್ತಾಗುವುದಿಲ್ಲ.

1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ನಗರ ಸ್ಥಳೀಯ ಸಂಸ್ಥೆಗಳಿಗೆ ಸಂವಿಧಾನದಲ್ಲೇ ಜಾಗ ಕೊಟ್ಟಿತು. ಅವು ನಿರ್ವಹಿಸಬಹುದಾದ 18 ವಿಷಯಗಳನ್ನು 12ನೇ ಅನುಸೂಚಿಯಲ್ಲಿ ಪಟ್ಟಿ ಮಾಡಿತು. ಕರ್ನಾಟಕದಲ್ಲಿ ಪಟ್ಟಣ ಪಂಚಾಯಿತಿ, ಪುರಸಭೆ, ನಗರಸಭೆಗಳು 1964ರ ಕರ್ನಾಟಕ ಪೌರಸಭೆಗಳ ಕಾಯ್ದೆಯ ಅಡಿಯಲ್ಲೂ ಬೆಂಗಳೂರು ಬಿಟ್ಟು ಉಳಿದ ಮಹಾನಗರ ಪಾಲಿಕೆಗಳು 1976ರ ಕಾಯ್ದೆಯ ಅಡಿಯಲ್ಲೂ ಕೆಲಸ ಮಾಡುತ್ತವೆ. ಸ್ಥೂಲವಾಗಿ 20 ಸಾವಿರದವರೆಗಿನ ಜನಸಂಖ್ಯೆಗೆ ಪಟ್ಟಣ ಪಂಚಾಯಿತಿ, 50 ಸಾವಿರದವರೆಗೆ ಪುರಸಭೆ, 3 ಲಕ್ಷದವರೆಗೆ ನಗರಸಭೆ. ಈ ಬರಹ ನೋಡುವುದು ಈ ಮೂರನ್ನು, ಅಂದರೆ ಸಣ್ಣ ಮತ್ತು ಮಧ್ಯಮ ಊರುಗಳನ್ನು.

ಬಜೆಟ್ ಹೇಗೆ ಸಿದ್ಧವಾಗಬೇಕು ಎಂಬುದಕ್ಕೆ 2006ರ ಕರ್ನಾಟಕ ಪೌರಸಭೆಗಳ ಲೆಕ್ಕಪತ್ರ ಮತ್ತು ಆಯವ್ಯಯ ನಿಯಮಗಳಿವೆ. ಮುಖ್ಯಾಧಿಕಾರಿ (ನಗರಸಭೆಯಾದರೆ ಪೌರಾಯುಕ್ತರು) ಮತ್ತು ಲೆಕ್ಕ ಶಾಖೆ ಸೇರಿ ಅಂದಾಜು ತಯಾರಿಸುತ್ತಾರೆ. ಅದು ಸ್ಥಾಯಿ ಸಮಿತಿಯನ್ನು ಹಾದು ಸಾಮಾನ್ಯ ಸಭೆಗೆ ಬರುತ್ತದೆ, ಚರ್ಚೆಯಾಗಿ ಅಂಗೀಕಾರವಾಗುತ್ತದೆ. ಆ ಭಾಗದ ಶಾಸಕರು, ಸಂಸದರು ಸಹ ಪದನಿಮಿತ್ತ ಸದಸ್ಯರಾಗಿ ಮತ ಹಾಕಬಹುದು. ಇದೆಲ್ಲಕ್ಕೂ ಮೊದಲು ಸಾರ್ವಜನಿಕರನ್ನು ಕರೆದು ಸಲಹೆ ಕೇಳುವ ಪೂರ್ವಭಾವಿ ಸಭೆ ನಡೆಯಬೇಕು. ಈ ಸಭೆ ಬಹುತೇಕ ಊರುಗಳಲ್ಲಿ ನಡೆಯುತ್ತದೆ. ಆದರೆ ಕಚೇರಿ ವೇಳೆಯಲ್ಲಿ, ಸೂಚನಾ ಫಲಕದ ಒಂದು ಹಾಳೆಯ ಪ್ರಕಟಣೆಯ ಬಲದ ಮೇಲೆ ನಡೆಯುವ ಸಭೆಗೆ ಬರುವವರು ಬೆರಳೆಣಿಕೆಯಷ್ಟು ಜನ. ಅವರ ಕೈಗೂ ಹಿಂದಿನ ವರ್ಷದ ಲೆಕ್ಕ ಕೊಡುವ ರೂಢಿಯಿಲ್ಲ. ಅಂಕಿ ಕೈಯಲ್ಲಿಲ್ಲದೆ ಕೊಡುವ ಸಲಹೆ ಬರೀ ಬೇಡಿಕೆಯಾಗುತ್ತದೆ, ನಡಾವಳಿ ಪುಸ್ತಕದಲ್ಲಿ ದಾಖಲಾಗಿ ಅಲ್ಲೇ ಉಳಿಯುತ್ತದೆ.

ಊರಿನ ವರಮಾನದಲ್ಲಿ ಊರಿನದೇ ಎನ್ನಬಹುದಾದ ಭಾಗ ಚಿಕ್ಕದು. ಆಸ್ತಿ ತೆರಿಗೆ, ನೀರಿನ ಕರ, ಒಳಚರಂಡಿ ಶುಲ್ಕ, ಪುರಸಭೆ ಮಳಿಗೆಗಳ ಬಾಡಿಗೆ, ಸಂತೆ ಸುಂಕದ ಹರಾಜು, ಕಟ್ಟಡ ಪರವಾನಗಿ, ವ್ಯಾಪಾರ ಪರವಾನಗಿ, ಖಾತೆ ಬದಲಾವಣೆ ಶುಲ್ಕ ಇದರಲ್ಲಿ ಸೇರುತ್ತವೆ. ಎಲ್ಲಕ್ಕೂ ಆಧಾರ ಆಸ್ತಿ ತೆರಿಗೆ. 2002ರಿಂದ ರಾಜ್ಯದಲ್ಲಿ ಸ್ವಯಂ ಘೋಷಣೆಯ ಪದ್ಧತಿಯಿದೆ. ಕಟ್ಟಡದ ಅಳತೆ, ಬಳಕೆ, ವಯಸ್ಸನ್ನು ಮಾಲೀಕರೇ ಬರೆದು ತೆರಿಗೆ ಕಟ್ಟುತ್ತಾರೆ. ಏಪ್ರಿಲ್‌ನಲ್ಲಿ ಕಟ್ಟಿದರೆ ಶೇ 5 ರಿಯಾಯಿತಿ, ಜೂನ್ ದಾಟಿದರೆ ತಿಂಗಳಿಗೆ ಶೇ 2 ದಂಡ. 2021ರ ತಿದ್ದುಪಡಿಯ ಬಳಿಕ ತೆರಿಗೆಯನ್ನು ವರ್ಷಕ್ಕೆ ಶೇ 3ರಿಂದ 5ರಷ್ಟು ಏರಿಸಬೇಕು.

ನಂಬಿಕೆಯ ಮೇಲೆ ನಿಂತಿರುವ ಈ ಪದ್ಧತಿಯಲ್ಲಿ ಊರಿನವರ ಹೊಣೆಯೂ ಇದೆ. ಮೇಲೊಂದು ಮಹಡಿ ಕಟ್ಟಿ ಬಾಡಿಗೆಗೆ ಕೊಟ್ಟ ಮೇಲೂ ಹಳೆಯ ಒಂದೇ ಅಂತಸ್ತಿನ ಲೆಕ್ಕದಲ್ಲೇ ತೆರಿಗೆ ಕಟ್ಟುವವರಿದ್ದಾರೆ. ಮುಂಭಾಗದಲ್ಲಿ ಅಂಗಡಿ ತೆರೆದರೂ ದಾಖಲೆಯಲ್ಲಿ ವಾಸದ ಮನೆ ಎಂದೇ ಉಳಿಸಿಕೊಂಡವರಿದ್ದಾರೆ. ಊರಂಚಿನಲ್ಲಿ ಅನುಮೋದನೆಯಿಲ್ಲದೆ ಎದ್ದ ಬಡಾವಣೆಗಳ ಎಷ್ಟೋ ಮನೆಗಳು ನೀರು, ದೀಪ ಬಳಸುತ್ತಿದ್ದರೂ ತೆರಿಗೆಯ ಲೆಕ್ಕಕ್ಕೆ ಬಂದಿರಲಿಲ್ಲ. ಅಂಥವಕ್ಕೆ ಬಿ-ಖಾತಾ ಕೊಟ್ಟು ತೆರಿಗೆ ವ್ಯಾಪ್ತಿಗೆ ತರುವ ಅಭಿಯಾನವನ್ನು ಸರ್ಕಾರ 2025ರಲ್ಲಿ ಹಮ್ಮಿಕೊಂಡಿತು. ಹೊಸ ಆಸ್ತಿಗಳು ಲೆಕ್ಕಕ್ಕೆ ಸೇರಿದ ಊರಿನಲ್ಲಿ ತೆರಿಗೆಯ ಬೇಡಿಕೆ ಏರಲೇಬೇಕು. ಬೇಡಿಕೆ ಏರಿದೆಯೇ, ಏರಿದ್ದರೆ ವಸೂಲಿ ಎಷ್ಟಾಗಿದೆ ಎಂಬುದು ಬಜೆಟ್ಟಿನಲ್ಲಿ ಮೊದಲು ನೋಡಬೇಕಾದ ಅಂಕಿ.

ಕಟ್ಟಿದ ರಸೀದಿಯ ಹಣವೆಲ್ಲ ಪುರಸಭೆಯಲ್ಲೇ ಉಳಿಯುತ್ತದೆ ಎಂಬ ತಿಳಿವಳಿಕೆಯೂ ಸರಿಯಲ್ಲ. ತೆರಿಗೆಯ ಮೇಲೆ ಆರೋಗ್ಯ ಕರ ಶೇ 15, ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3 ಸೇರುತ್ತವೆ. 1,000 ರೂಪಾಯಿ ತೆರಿಗೆಗೆ ಇವು 240 ರೂಪಾಯಿ. ಸಂಬಂಧಪಟ್ಟ ಇಲಾಖೆಗಳಿಗೆ ಇವನ್ನು ಕಳಿಸಿಕೊಡಬೇಕು. ಪುರಸಭೆ ಬರೀ ವಸೂಲಿದಾರ. ಬಜೆಟ್ಟಿನಲ್ಲಿ ಇವು, ಗುತ್ತಿಗೆದಾರರ ಠೇವಣಿಗಳ ಜೊತೆಗೆ, ಅಸಾಧಾರಣ ಸ್ವೀಕೃತಿ ಎಂಬ ತಲೆಬರಹದಡಿ ಬರುತ್ತವೆ. ಒಟ್ಟು ಗಾತ್ರ ಇಷ್ಟು ಕೋಟಿ ಎಂದು ಹೇಳುವಾಗ ಇವೂ ಸೇರಿಕೊಂಡು ಬಜೆಟ್ ದೊಡ್ಡದಾಗಿ ಕಾಣುತ್ತದೆ.

ಉಳಿದ ದೊಡ್ಡ ಭಾಗ ಅನುದಾನ. ರಾಜ್ಯ ಹಣಕಾಸು ಆಯೋಗದ ಶಿಫಾರಸಿನಂತೆ ಬರುವ ಹಣಕ್ಕೆ ಪುರಸಭೆಯ ಮೊಗಸಾಲೆಯಲ್ಲಿ ಎಸ್‌ಎಫ್‌ಸಿ ಎನ್ನುತ್ತಾರೆ. ಅದರಲ್ಲಿ ವೇತನದ ಪಾಲು ವೇತನಕ್ಕೇ ಹೋಗುತ್ತದೆ. ವಿದ್ಯುತ್ ಪಾಲು ಬೀದಿ ದೀಪ ಮತ್ತು ನೀರೆತ್ತುವ ಪಂಪುಗಳ ಬಿಲ್ಲಿಗಾಗಿ ಪುರಸಭೆಯ ಕೈಗೆ ತಾಗದೆಯೇ ವಿದ್ಯುತ್ ಕಂಪನಿಗಳಿಗೆ ಜಮೆಯಾಗುತ್ತದೆ. ಮಿಕ್ಕದ್ದು ಮುಕ್ತ ನಿಧಿ. ಕೇಂದ್ರದ 15ನೇ ಹಣಕಾಸು ಆಯೋಗ 2021ರಿಂದ 2026ರವರೆಗಿನ ಅವಧಿಗೆ ದೇಶದ ನಗರ ಸ್ಥಳೀಯ ಸಂಸ್ಥೆಗಳಿಗೆ 1,21,055 ಕೋಟಿ ರೂಪಾಯಿ ಶಿಫಾರಸು ಮಾಡಿತು. ಆದರೆ ಸಣ್ಣ ಊರುಗಳ ಪಾಲಿನಲ್ಲಿ ಶೇ 30 ಕುಡಿಯುವ ನೀರಿಗೆ, ಇನ್ನೊಂದು ಶೇ 30 ನೈರ್ಮಲ್ಯ ಮತ್ತು ಕಸ ವಿಲೇವಾರಿಗೆ ಎಂದು ಕಟ್ಟುಹಾಕಿತು. ಉಳಿದ ಶೇ 40ರಲ್ಲೂ ಸಂಬಳ ಕೊಡುವಂತಿರಲಿಲ್ಲ. ಇದರ ಮೇಲೆ ಪುರಸಭೆಯ ಸ್ವಂತ ನಿಧಿಯಲ್ಲಿ ಶೇ 24.10 ಪರಿಶಿಷ್ಟ ಜಾತಿ, ಪಂಗಡಗಳಿಗೆ, ಶೇ 7.25 ಇತರ ಹಿಂದುಳಿದ ಬಡವರಿಗೆ, ಶೇ 5 ಅಂಗವಿಕಲರಿಗೆ ಮೀಸಲು. ಈ ಮೀಸಲು ನ್ಯಾಯವಾದದ್ದು, ಬೇಕಾದದ್ದು. ಪ್ರಶ್ನೆ ಇರುವುದು ಅದು ಅದೇ ವರ್ಷದಲ್ಲಿ ಖರ್ಚಾಗುತ್ತದೆಯೇ ಎಂಬುದರಲ್ಲಿ. ವಿದ್ಯಾರ್ಥಿಯ ಶುಲ್ಕಕ್ಕೆ, ಮನೆ ದುರಸ್ತಿಗೆ, ತ್ರಿಚಕ್ರ ವಾಹನಕ್ಕೆ ಎಂದು ಇಟ್ಟ ಹಣ ವರ್ಷ ಮುಗಿದರೂ ಬ್ಯಾಂಕ್ ಖಾತೆಯಲ್ಲೇ ಕೂತಿದ್ದರೆ ಅದು ಆ ಕುಟುಂಬಗಳಿಗೆ ಮಾಡಿದ ಅನ್ಯಾಯ.

ಹೀಗೆ ಒಂದೊಂದನ್ನೇ ಕಳೆಯುತ್ತ ಬಂದರೆ, ಊರಿನ ಸಭೆ ತನ್ನ ವಿವೇಚನೆಯಿಂದ ನಿರ್ಧರಿಸಬಹುದಾದ ಹಣ ಬಜೆಟ್ ಗಾತ್ರದ ಒಂದು ಸಣ್ಣ ಭಾಗ ಎಂಬುದು ಸ್ಪಷ್ಟವಾಗುತ್ತದೆ. ಅದು ಹೆಚ್ಚುಕಡಿಮೆ ಸ್ವಂತ ವರಮಾನದಷ್ಟೇ. ಸದಸ್ಯರು ವಾರ್ಡಿಗೆ ಇಷ್ಟು ಲಕ್ಷ ಬೇಕೆಂದು ಸಭೆಯಲ್ಲಿ ಜಗಳವಾಡುವುದು ಈ ಚಿಕ್ಕ ಮೊತ್ತಕ್ಕಾಗಿ.

ಇನ್ನು ಉಳಿತಾಯ ಬಜೆಟ್ಟಿನ ಮಾತು. ಮನೆಯಲ್ಲಿ ಉಳಿತಾಯ ಎಂದರೆ ದುಡಿದದ್ದರಲ್ಲಿ ಖರ್ಚು ಕಳೆದು ಮಿಕ್ಕದ್ದು. ಪುರಸಭೆಯ ಲೆಕ್ಕದಲ್ಲಿ ಅದು ಆರಂಭಿಕ ಶಿಲ್ಕಿಗೆ ಈ ವರ್ಷ ಬರಬಹುದೆಂದು ಅಂದಾಜಿಸಿದ ಎಲ್ಲ ಹಣವನ್ನೂ ಕೂಡಿಸಿ, ಅಂದಾಜು ಖರ್ಚನ್ನು ಕಳೆದಾಗ ಸಿಗುವ ಅಂಕಿ. ಆರಂಭಿಕ ಶಿಲ್ಕಿನಲ್ಲಿ ಕಳೆದ ವರ್ಷ ಮುಗಿಯದ ಕಾಮಗಾರಿಗಳ ಹಣ, ಖರ್ಚಾಗದ ಮೀಸಲು ನಿಧಿ, ಗುತ್ತಿಗೆದಾರರಿಗೆ ಹಿಂದಿರುಗಿಸಬೇಕಾದ ಠೇವಣಿ ಎಲ್ಲವೂ ಸೇರಿರುತ್ತವೆ. ಅಂದರೆ ಕೆಲಸ ಮಾಡದೆ ಉಳಿದ ಹಣವೇ ಉಳಿತಾಯದ ರೂಪದಲ್ಲಿ ಮರಳಿ ಬರುತ್ತದೆ. ಬರುವ ಹಣದ ಅಂದಾಜನ್ನು ಹಿಗ್ಗಿಸಿದರೆ ಉಳಿತಾಯ ಇನ್ನಷ್ಟು ಹೆಚ್ಚುತ್ತದೆ. ನೀರಿನ ಕರದ ಹಳೆ ಬಾಕಿಯೆಲ್ಲ ಈ ವರ್ಷ ವಸೂಲಾಗುತ್ತದೆ ಎಂದು ಬರೆದುಬಿಟ್ಟರೆ ಸಾಕು.

ಇದನ್ನು ಬಯಲು ಮಾಡುವ ದಾರಿ ಬಜೆಟ್ ಪುಸ್ತಕದೊಳಗೇ ಇದೆ. ಪ್ರತಿ ಬಾಬಿನ ಮುಂದೆ ಹಲವು ಅಂಕಣಗಳಿರುತ್ತವೆ: ಹಿಂದಿನ ವರ್ಷ ವಾಸ್ತವವಾಗಿ ಆದದ್ದು, ಚಾಲ್ತಿ ವರ್ಷಕ್ಕೆ ಅಂದಾಜಿಸಿದ್ದು, ಅದರ ಪರಿಷ್ಕೃತ ಅಂದಾಜು, ಮುಂದಿನ ವರ್ಷದ ಅಂದಾಜು. ಎಲ್ಲರ ಕಣ್ಣೂ ಕೊನೆಯ ಅಂಕಣಕ್ಕೆ ಹೋಗುತ್ತದೆ. ನೋಡಬೇಕಾದದ್ದು ವಾಸ್ತವದ ಅಂಕಣ. ಉದ್ಯಾನ ನಿರ್ವಹಣೆಗೆ ವರ್ಷವರ್ಷವೂ ದೊಡ್ಡ ಮೊತ್ತ ತೋರಿಸಿ, ವಾಸ್ತವದಲ್ಲಿ ಅದರ ಕಾಲುಭಾಗವೂ ಖರ್ಚಾಗಿಲ್ಲ ಎಂದಿದ್ದರೆ ಆ ಉದ್ಯಾನದ ಬೀಗ ಯಾಕೆ ತೆಗೆದಿಲ್ಲ ಎಂಬುದಕ್ಕೆ ಉತ್ತರ ಅಲ್ಲೇ ಸಿಕ್ಕಂತಾಯಿತು. ಮೂರು ವರ್ಷಗಳ ವಾಸ್ತವ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಊರಿನ ಆಡಳಿತಕ್ಕೆ ಯಾವುದು ಮುಖ್ಯ, ಯಾವುದು ಬಾಯಿಮಾತು ಎಂದು ತಿಳಿಯಲು ಲೆಕ್ಕಿಗರೇ ಆಗಬೇಕಿಲ್ಲ.

ಊರಿನ ಮೂಲಸೌಕರ್ಯದ ದೊಡ್ಡ ಕಾಯಿಲೆ ಕಟ್ಟುವುದಕ್ಕೂ ಕಾಪಾಡುವುದಕ್ಕೂ ನಡುವಿನ ಅಂತರ. ಕಟ್ಟುವ ಹಣ ಹೆಚ್ಚಾಗಿ ಹೊರಗಿನಿಂದ ಬರುತ್ತದೆ: ಮುಖ್ಯಮಂತ್ರಿಗಳ ನಗರೋತ್ಥಾನ ಯೋಜನೆ, ಕೇಂದ್ರದ ಅಮೃತ್, ಹಣಕಾಸು ಆಯೋಗದ ಅನುದಾನ, ಶಾಸಕರ ನಿಧಿ. ಕಾಪಾಡುವ ಹಣವನ್ನು ಊರೇ ಹೊಂದಿಸಬೇಕು. ಉದ್ಘಾಟನೆಯ ಫಲಕ ಸಿಗುವುದೂ ಕಟ್ಟಿದ್ದಕ್ಕೇ, ಹೂಳೆತ್ತಿದ್ದಕ್ಕಲ್ಲ. ಹೀಗಾಗಿ ಕಸದ ಆಟೊ ಟಿಪ್ಪರ್ ಅನುದಾನದಲ್ಲಿ ಬರುತ್ತದೆ, ಚಾಲಕನ ಸಂಬಳಕ್ಕೂ ಡೀಸೆಲ್‌ಗೂ ಹಣ ಹೊಂದದೆ ಪುರಸಭೆ ಆವರಣದಲ್ಲಿ ಬಿಸಿಲಿಗೆ ಒಣಗುತ್ತದೆ. 700 ಜನಕ್ಕೆ ಒಬ್ಬ ಪೌರಕಾರ್ಮಿಕ ಎಂಬ ಮಾನದಂಡದಂತೆ 30 ಸಾವಿರ ಜನರ ಊರಿಗೆ 43 ಮಂದಿ ಬೇಕು. ಹಾಜರಿ ಪುಸ್ತಕದಲ್ಲಿ ಎಷ್ಟು ಹೆಸರಿದೆ, ಅವರಲ್ಲಿ ಎಷ್ಟು ಮಂದಿ ಪೊರಕೆ ಬಿಟ್ಟು ಬೇರೆ ಕೆಲಸಕ್ಕೆ ನಿಯೋಜಿತರು ಎಂದು ಎಣಿಸಿದರೆ ಚರಂಡಿ ತುಂಬಿದ್ದಕ್ಕೆ ಕಾರಣ ಗೊತ್ತಾಗುತ್ತದೆ.

ನೀರಿನ ಲೆಕ್ಕ ಇನ್ನೂ ಕಠಿಣ. ಒಳಚರಂಡಿಯಿರುವ ಊರಿನಲ್ಲಿ ತಲಾ ದಿನಕ್ಕೆ 135 ಲೀಟರ್ ಎಂಬುದು ಮಾನದಂಡ. 30 ಸಾವಿರ ಜನಕ್ಕೆ ಅದು ದಿನಕ್ಕೆ 40.5 ಲಕ್ಷ ಲೀಟರ್. ಅಷ್ಟು ನೀರನ್ನು ನದಿಯಿಂದಲೋ ಕೆರೆಯಿಂದಲೋ ಎತ್ತಿ, ಶುದ್ಧೀಕರಿಸಿ, ಮೇಲ್ಮಟ್ಟದ ಟ್ಯಾಂಕಿಗೆ ಏರಿಸಬೇಕು. ಚಿತ್ರದುರ್ಗಕ್ಕೆ ದೂರದ ಶಾಂತಿಸಾಗರದಿಂದ, ಗದಗ-ಬೆಟಗೇರಿಗೆ ತುಂಗಭದ್ರೆಯಿಂದ ನೀರು ಬರುತ್ತದೆ. ಅಷ್ಟು ದೂರ ನೀರು ತಳ್ಳುವ ಊರುಗಳಲ್ಲಿ ಪಂಪಿನ ವಿದ್ಯುತ್ತೇ ದೊಡ್ಡ ಖರ್ಚು. ಬಳಸಿದ ನೀರಿನ ಶೇ 80 ಭಾಗ ಕೊಳಚೆಯಾಗುತ್ತದೆ ಎಂಬುದು ಎಂಜಿನಿಯರುಗಳ ಲೆಕ್ಕ. ಆ 32 ಲಕ್ಷ ಲೀಟರಿಗೂ ದಾರಿ ಬೇಕು, ಶುದ್ಧೀಕರಣ ಘಟಕ ಬೇಕು, ಆ ಘಟಕಕ್ಕೂ ವಿದ್ಯುತ್ ಬೇಕು. ಇಷ್ಟೆಲ್ಲದರ ಎದುರಿಗೆ ನಲ್ಲಿಯೊಂದಕ್ಕೆ ತಿಂಗಳಿಗೆ ಇಂತಿಷ್ಟು ಎಂಬ ಸ್ಥಿರ ದರವಿದೆ. ಅದೂ ವರ್ಷಗಟ್ಟಲೆ ಬಾಕಿ. ಮೀಟರ್ ಕೂರಿಸಲು ಬಂದರೆ ಊರಿನವರೇ ವಿರೋಧಿಸುತ್ತಾರೆ. ಆ ವಿರೋಧದಲ್ಲಿ ಹುರುಳಿಲ್ಲದಿಲ್ಲ: ವಾರಕ್ಕೆ ಎರಡು ಸಲ ನೀರುಗಂಟಿ ವಾಲ್ವ್ ತಿರುಗಿಸಿದಾಗಷ್ಟೇ ನೀರು ಕಾಣುವ ಮನೆ, ಅಳೆದು ಹಣ ಕೊಡಬೇಕು ಎಂದರೆ ಹೇಗೆ ಒಪ್ಪೀತು? 2008ರಿಂದ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಆಯ್ದ ಬಡಾವಣೆಗಳಲ್ಲಿ ದಿನದ 24 ಗಂಟೆಯೂ ನೀರು ಕೊಟ್ಟು, ಮೀಟರ್ ಪ್ರಕಾರ ಬಿಲ್ ಮಾಡಲಾಯಿತು. ನೀರು ಬಂದ ಕಡೆ ಮೀಟರನ್ನು ಜನ ಒಪ್ಪಿಕೊಂಡರು. ಮೊದಲು ಸೇವೆ, ಆಮೇಲೆ ದರ ಎಂಬ ಕ್ರಮ ಸಣ್ಣ ಊರಿಗೂ ಹೊಂದುತ್ತದೆ.

ಬೀದಿ ದೀಪದಲ್ಲಿ ಉಳಿಸುವುದು ಸುಲಭ. 250 ವ್ಯಾಟ್‌ನ ಹಳೆಯ ಸೋಡಿಯಂ ದೀಪ 12 ಗಂಟೆ ಉರಿದರೆ 3 ಯೂನಿಟ್, 100 ವ್ಯಾಟ್‌ನ ಎಲ್‌ಇಡಿಯಾದರೆ 1.2 ಯೂನಿಟ್. ಟೈಮರ್ ಕೆಟ್ಟು ಬೆಳಿಗ್ಗೆ 9ರವರೆಗೆ ಉರಿಯುವ ದೀಪ ಕಾಲುಭಾಗ ಹೆಚ್ಚು ವಿದ್ಯುತ್ ತಿನ್ನುತ್ತದೆ. ಆ ಬಿಲ್ಲು ಅನುದಾನದಲ್ಲೇ ಮುರಿದುಕೊಳ್ಳುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ.

ರಸ್ತೆಯ ವಿಷಯದಲ್ಲಿ ಊರಿನವರ ಕಣ್ಣು ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ವಾರ್ಡಿನ ಒಳರಸ್ತೆಯೊಂದಕ್ಕೆ ಕಾಂಕ್ರೀಟ್ ಹಾಕುವ ಕಾಮಗಾರಿ ಎಂದುಕೊಳ್ಳಿ. ಉದ್ದ 100 ಮೀಟರ್, ಅಗಲ 4 ಮೀಟರ್, ದಪ್ಪ 15 ಸೆಂಟಿಮೀಟರ್. ಅಂದರೆ 60 ಘನ ಮೀಟರ್ ಕಾಂಕ್ರೀಟ್. ದಪ್ಪ 12 ಸೆಂಟಿಮೀಟರಿಗೆ ಇಳಿದರೆ 48 ಘನ ಮೀಟರ್ ಸಾಕು. ಐದರಲ್ಲಿ ಒಂದು ಪಾಲು ಮಾಲು ಮಾಯ. ಮೇಲಿನಿಂದ ನೋಡಿದರೆ ಎರಡೂ ರಸ್ತೆ ಒಂದೇ ಥರ. ಅಂಚಿಗೆ ಕಟ್ಟಿದ ಸೆಂಟ್ರಿಂಗ್ ಬಿಚ್ಚಿದ ದಿನ, ಬದಿಗೆ ಮಣ್ಣು ತುಂಬುವ ಮೊದಲು, ಟೇಪು ಹಿಡಿದರೆ ಮಾತ್ರ ವ್ಯತ್ಯಾಸ ಸಿಗುತ್ತದೆ. ಕನಿಷ್ಠ ಎರಡು ವಾರ ನೀರು ಕಟ್ಟಿ ಕ್ಯೂರಿಂಗ್ ಮಾಡಬೇಕಾದ ಕಾಂಕ್ರೀಟಿಗೆ ನಾಲ್ಕು ದಿನ ಗೋಣಿಚೀಲ ಹೊದಿಸಿ ಬಿಟ್ಟರೆ ಮೊದಲ ಬೇಸಿಗೆಯಲ್ಲೇ ಮೇಲ್ಮೈ ಪುಡಿಯೇಳುತ್ತದೆ. ಹಳೆಯ ರಸ್ತೆ ಅಗೆಯದೆ ಅದರ ಮೇಲೆಯೇ ಹೊಸ ಪದರ ಹಾಕಿದರೆ ರಸ್ತೆ ಮನೆಯ ಹೊಸ್ತಿಲಿಗಿಂತ ಎತ್ತರಕ್ಕೆ ಬಂದು ಮಳೆಗಾಲದಲ್ಲಿ ನೀರು ಒಳಗೆ ನುಗ್ಗುತ್ತದೆ. ಇಂಥ ಬೀದಿಗಳು ಕರ್ನಾಟಕದ ಊರೂರಲ್ಲೂ ಇವೆ.

ಇದಕ್ಕಿಂತ ದುಬಾರಿಯಾದದ್ದು ಕೆಲಸಗಳ ಹಿಂದುಮುಂದು. ಮೊದಲು ಒಳಚರಂಡಿ, ಆಮೇಲೆ ನೀರಿನ ಕೊಳವೆ, ಬಳಿಕ ಬದಿಯ ಚರಂಡಿ, ಕೊನೆಗೆ ರಸ್ತೆ. ಯಾವ ಮೇಸ್ತ್ರಿಯನ್ನು ಕೇಳಿದರೂ ಈ ಸರದಿಯನ್ನೇ ಹೇಳುತ್ತಾನೆ. ಆದರೆ ಒಳಚರಂಡಿಯನ್ನು ಕಟ್ಟುವುದು ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ, ರಸ್ತೆಯನ್ನು ಹಾಕುವುದು ಪುರಸಭೆ ಅಥವಾ ಲೋಕೋಪಯೋಗಿ ಇಲಾಖೆ, ನಡುವೆ ಅಗೆಯುವುದು ಕೇಬಲ್ ಮತ್ತು ಗ್ಯಾಸ್ ಕಂಪನಿಗಳು. ಒಂದೊಂದಕ್ಕೂ ಬೇರೆ ಬೇರೆ ತಲೆಬರಹ, ಬೇರೆ ಬೇರೆ ಕ್ರಿಯಾಯೋಜನೆ, ಬೇರೆ ಬೇರೆ ಗಡುವು. ಮಾರ್ಚ್ 31ರೊಳಗೆ ಖರ್ಚಾಗಬೇಕಾದ ರಸ್ತೆಯ ಹಣ ಇನ್ನೂ ಬಾರದ ಕೊಳವೆಗಾಗಿ ಕಾಯುವುದಿಲ್ಲ. ಹೊಸ ರಸ್ತೆಯನ್ನು ಅದೇ ವರ್ಷ ಅಗೆಯುವ ದೃಶ್ಯದ ಹಿಂದಿರುವ ಕಾರಣ ಬಹುಪಾಲು ಇದೇ. ಬೀದಿವಾರು ಒಂದೇ ಪಟ್ಟಿ ಮಾಡಿ, ಈ ಬೀದಿಯಲ್ಲಿ ಭೂಮಿಯೊಳಗಿನ ಕೆಲಸ ಮುಗಿದಿದೆ ಎಂದು ಸಹಿ ಬಿದ್ದ ಮೇಲೆಯೇ ರಸ್ತೆಯನ್ನು ಕ್ರಿಯಾಯೋಜನೆಗೆ ಸೇರಿಸುವ ನಿರ್ಣಯವನ್ನು ಸಾಮಾನ್ಯ ಸಭೆ ಮಾಡಬಹುದು. ಅದಕ್ಕೆ ಒಂದು ಪೈಸೆಯೂ ಖರ್ಚಿಲ್ಲ.

ಟೆಂಡರಿಗೆ 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಯಲ್ಲಿ ಪಾರದರ್ಶಕತೆ ಕಾಯ್ದೆಯಿದೆ. ಅದರ 4(ಜಿ) ಕಲಂ ಟೆಂಡರಿನಿಂದ ವಿನಾಯಿತಿ ಕೊಡುವ ಅಧಿಕಾರವನ್ನು ಸರ್ಕಾರಕ್ಕೆ ಕೊಡುತ್ತದೆ. ಎಲ್ಲ ಕಾಮಗಾರಿಗೂ ತೆರೆದಿರುವ ಬಾಗಿಲಲ್ಲ ಅದು. ಊರಿನ ಕಾಮಗಾರಿ ಆ ಬಾಗಿಲಿನಿಂದ ಬಂದಿದ್ದರೆ ವಿನಾಯಿತಿಗೆ ಕಾರಣ ಏನಿತ್ತು ಎಂದು ಕೇಳಲೇಬೇಕು.

ಇಷ್ಟಕ್ಕೂ ಕೇಳುವ ಸದಸ್ಯರು ಸಭೆಯಲ್ಲಿ ಇರಬೇಕಲ್ಲ. 2018ರ ಆಗಸ್ಟ್‌ನಲ್ಲಿ ರಾಜ್ಯದ ನೂರಕ್ಕೂ ಹೆಚ್ಚು ನಗರ ಸ್ಥಳೀಯ ಸಂಸ್ಥೆಗಳಿಗೆ ಮತದಾನ ನಡೆಯಿತು. ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿ ನ್ಯಾಯಾಲಯದ ಮೆಟ್ಟಿಲೇರಿದ್ದರಿಂದ 2020ರ ಕೊನೆಯವರೆಗೂ ಗೆದ್ದವರು ಸಭೆಯ ಮುಖ ನೋಡಲಿಲ್ಲ. 30 ತಿಂಗಳ ಮೊದಲ ಅವಧಿ 2023ರಲ್ಲಿ ಮುಗಿದ ಮೇಲೆ ಎರಡನೇ ಅವಧಿಯ ಮೀಸಲಾತಿ ಪಟ್ಟಿ ಹೊರಬಿದ್ದದ್ದು 2024ರ ಆಗಸ್ಟ್‌ನಲ್ಲಿ. ಈ ಎರಡೂ ಖಾಲಿ ಅವಧಿಗಳಲ್ಲಿ ಆಡಳಿತಾಧಿಕಾರಿಗಳೇ ಬಜೆಟ್ ಅಂಗೀಕರಿಸಿದರು. ಜಿಲ್ಲಾಧಿಕಾರಿಯೋ ಉಪವಿಭಾಗಾಧಿಕಾರಿಯೋ ತಹಶೀಲ್ದಾರರೋ ಎಷ್ಟೇ ದಕ್ಷರಾಗಿದ್ದರೂ ಒಂದು ಬೀದಿಯ ನಲ್ಲಿಗೆ ನೀರು ಬಾರದ್ದಕ್ಕೆ ಅವರು ಮತದಾರರಿಗೆ ಉತ್ತರ ಕೊಡಬೇಕಿಲ್ಲ. 2018ರ ಜನಾದೇಶದ ಬಳಿಕ ಮೂರು ವರ್ಷಕ್ಕೂ ಹೆಚ್ಚು ಕಾಲ ಹೀಗೆ ಹೋದದ್ದು 74ನೇ ತಿದ್ದುಪಡಿಯ ಆಶಯಕ್ಕೆ ಬಿದ್ದ ಪೆಟ್ಟು.

ಊರಿನವರ ಕೈಯಲ್ಲಿ ಇರುವ ಉಪಕರಣಗಳು ಕಡಿಮೆಯೇನಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಂ ಪ್ರಕಾರ ಬಜೆಟ್ ವಿವರವನ್ನು ಯಾರೂ ಕೇಳದೆಯೇ ಪ್ರಕಟಿಸುವುದು ಪುರಸಭೆಯ ಕರ್ತವ್ಯ. ಅದೇ ಕಾಯ್ದೆಯ 2(ಜೆ) ಕಲಂ ಕಾಮಗಾರಿಯನ್ನು ಪರಿಶೀಲಿಸುವ, ಬಳಸಿದ ಸಾಮಗ್ರಿಯ ಪ್ರಮಾಣಿತ ಮಾದರಿ ಪಡೆಯುವ ಹಕ್ಕನ್ನೂ ಕೊಟ್ಟಿದೆ. 10 ರೂಪಾಯಿ ಶುಲ್ಕ ಕಟ್ಟಿ ಅಂದಾಜುಪಟ್ಟಿ, ಅಳತೆ ಪುಸ್ತಕ ಎರಡನ್ನೂ ಕೇಳಿ, ರಸ್ತೆಯ ಜೊತೆ ಹೋಲಿಸಬಹುದು. ದೋಷ ಹೊಣೆಗಾರಿಕೆಯ ಅವಧಿ ಕರಾರಿನಲ್ಲೇ ಬರೆದಿರುತ್ತದೆ. ಆ ಅವಧಿಯೊಳಗೆ ರಸ್ತೆ ಕಿತ್ತುಹೋದರೆ ಗುತ್ತಿಗೆದಾರನೇ ಸ್ವಂತ ಖರ್ಚಿನಲ್ಲಿ ಸರಿಮಾಡಿಕೊಡಬೇಕು, ಅವನ ಭದ್ರತಾ ಠೇವಣಿಯೂ ಪುರಸಭೆಯ ಬಳಿಯೇ ಇರುತ್ತದೆ. ಅವಧಿ ಮುಗಿದ ಮೇಲೆ ಕೊಟ್ಟ ದೂರು ಊರಿನ ಹಣದಲ್ಲೇ ಮತ್ತೊಂದು ಕಾಮಗಾರಿಯಾಗುತ್ತದೆ. ರಾಜ್ಯ ಲೆಕ್ಕಪರಿಶೋಧನೆಯ ಆಕ್ಷೇಪಣೆಗಳ ವರದಿಯನ್ನೂ ಕೇಳಿ ಪಡೆಯಬಹುದು.

ವರ್ಷದ ಕೊನೆಯ ತಿಂಗಳುಗಳಲ್ಲಿ ಪುರಸಭೆಗೆ ಹೋಗಿ ಬಜೆಟ್ ಪೂರ್ವಭಾವಿ ಸಭೆಯ ದಿನಾಂಕ ವಿಚಾರಿಸಬೇಕು. ಕಳೆದ ಮೂರು ವರ್ಷಗಳ ಬಜೆಟ್ ಪ್ರತಿಗಳನ್ನು ಒಂದು ವಾರ ಮುಂಚೆಯೇ ಕೊಡಿ ಎಂದು ಬೀದಿಯವರು ಸೇರಿ ಲಿಖಿತ ಅರ್ಜಿ ಕೊಟ್ಟು, ಸ್ವೀಕೃತಿ ಮೊಹರು ಹಾಕಿಸಿಕೊಂಡು ಬರಬೇಕು. ಸಭೆಯಲ್ಲಿ ಹೊಸ ರಸ್ತೆ ಕೇಳುವುದಕ್ಕೆ ಮೊದಲು ಹಳೆಯ ರಸ್ತೆ, ಚರಂಡಿ, ಪಂಪುಗಳ ನಿರ್ವಹಣೆಗೆ ಕಳೆದ ವರ್ಷ ವಾಸ್ತವವಾಗಿ ಎಷ್ಟು ಖರ್ಚಾಯಿತು ಎಂದು ಕೇಳಿ.